ಐದು ದಿನದ ಗುಳಿಗೆ, ಐದು ವರ್ಷದ ಗುಳಿಗೆ

ಹೊಸಪೇಟೆಯ ನಮ್ಮ ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ಮೂವತ್ತಮೂರು ವರ್ಷ ನಿಂತವನು ನಾನು. ಈಗ ಆ ಜಾಗಕ್ಕೆ ನೀವು ಹೊಸಬರು ಬಂದಿದ್ದೀರಿ. ಮೊನ್ನೆ ನಿಮ್ಮಲ್ಲೊಬ್ಬಳು ಫೋನ್ ಮಾಡಿ, "ಸರ್, ಬ್ರೆಸ್ಟ್ ಕ್ಯಾನ್ಸರ್‌ನವರಿಗೆ ಹಾರ್ಮೋನ್ ಗುಳಿಗಿ ಕೊಡುವಾಗ ಏನೇನ್ ಹೇಳ್ಬೇಕ್ರೀ? ಲೇಬಲ್ ಮ್ಯಾಲೆ ಬರಿಯಾಕ ಜಾಗನ ಸಾಲಂಗಿಲ್ಲ" ಎಂದಳು. ಜಾಗ ಸಾಲದಿರುವುದೇ ಒಳ್ಳೆಯದು, ಹಾಗಾದರೂ ಬಾಯಿ ಬಿಟ್ಟು ಮಾತಾಡುತ್ತೀರಿ ಎಂದೆ. ಅವಳು ತಮಾಷೆ ಎಂದುಕೊಂಡು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನನ್ನ ಹೆಸರು ಕೊಟ್ರೇಶ. ಯಾವ ವರ್ಷ ಹಿರಿಯ ಫಾರ್ಮಸಿಸ್ಟ್ ಆದೆ, ಯಾವ ವರ್ಷ ವಿಭಾಗದ ಮುಖ್ಯಸ್ಥನಾದೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದರಿಂದ ಬದಲಾದದ್ದು ಕುರ್ಚಿ ಒಂದೇ. ಕಿಟಕಿಯೂ ಅದೇ, ಅದರ ಮುಂದಿನ ಸಾಲೂ ಅದೇ. ಆದರೆ ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ, ಅದನ್ನು ಮುಚ್ಚಿಡುವ ಜಾಯಮಾನ ನನ್ನದಲ್ಲ. ಡಾಕ್ಟರು ರೋಗಿಯನ್ನು ಹತ್ತು ನಿಮಿಷ ನೋಡುತ್ತಾರೆ. ಆಮೇಲೆ ಆಕೆ ಮನೆಗೆ ಹೋಗಿ ಆ ಔಷಧದ ಜೊತೆ ವರ್ಷಗಟ್ಟಲೆ ಸಂಸಾರ ಮಾಡಬೇಕು. ಆ ಎರಡರ ನಡುವೆ ಕೊನೆಯದಾಗಿ ಮಾತಾಡಿಸುವವರು ನಾವು. ಇದು ಸಣ್ಣ ಕೆಲಸ ಎಂದು ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸಿ.

ಮೊದಲು ಈ ಗುಳಿಗೆಯ ವಿಷಯ. ಸ್ತನ ಕ್ಯಾನ್ಸರ್‌ನಲ್ಲಿ ಒಂದು ಬಗೆಯದು ಹೆಣ್ಣಿನ ಮೈಯಲ್ಲಿರುವ ಹಾರ್ಮೋನನ್ನೇ ಉಂಡು ಬೆಳೆಯುತ್ತದೆ. ಗಂಟಿನ ಚೂರನ್ನು ಪರೀಕ್ಷೆಗೆ ಕಳಿಸಿದಾಗ ಅದು ಗೊತ್ತಾಗುತ್ತದೆ. ಅಂಥವರಿಗೆ ಆಪರೇಷನ್, ಕಿಮೋ, ನಮ್ಮ ಜನ ಕರೆಂಟು ಕೊಡುವುದು ಎನ್ನುವ ರೇಡಿಯೇಶನ್, ಇವುಗಳಲ್ಲಿ ಬೇಕಾದದ್ದು ಮುಗಿದ ಮೇಲೆ ದಿನಕ್ಕೊಂದು ಸಣ್ಣ ಗುಳಿಗೆ ಶುರುವಾಗುತ್ತದೆ. ಟ್ಯಾಮಾಕ್ಸಿಫೆನ್ ಎಂಬುದು ಹಾರ್ಮೋನು ಗಂಟಿನ ಕಣಕ್ಕೆ ಅಂಟದಂತೆ ಅಡ್ಡ ನಿಲ್ಲುತ್ತದೆ. ಲೆಟ್ರೋಜೋಲ್ ಎಂಬುದು ಮುಟ್ಟು ನಿಂತವರ ಮೈಯಲ್ಲಿ ಆ ಹಾರ್ಮೋನು ತಯಾರಾಗುವುದನ್ನೇ ತಗ್ಗಿಸುತ್ತದೆ. ಸಾಮಾನ್ಯವಾಗಿ ಐದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು; ಅದನ್ನು ಡಾಕ್ಟರು ನಿರ್ಧರಿಸುತ್ತಾರೆ. ಕೂದಲು ಉದುರಿಸಿದ ಔಷಧವನ್ನು, ಡ್ರಿಪ್ ಹಾಕಿಸಿಕೊಂಡು ವಾಂತಿ ಮಾಡಿದ ಔಷಧವನ್ನು ಜನ ನಂಬುತ್ತಾರೆ. ಈ ಬೆರಳ ತುದಿಯಷ್ಟರ ಗುಳಿಗೆಯನ್ನು ನಂಬುವುದಿಲ್ಲ. "ಇಷ್ಟ್ ಸಣ್ಣದು ಏನ್ ಮಾಡೀತ್ರೀ" ಎಂದು ಅಂಗೈಯಲ್ಲಿಟ್ಟುಕೊಂಡು ನನ್ನನ್ನೇ ಕೇಳಿದವರು ಎಷ್ಟು ಜನರೋ. ಬೇನೆ ಮರಳಿ ಬರುವ ಸಾಧ್ಯತೆಯನ್ನು ಇದು ಕಡಿಮೆ ಮಾಡುತ್ತದೆ, ದಿನ ತಪ್ಪಿಸದೆ ತಗೊಂಡರೆ ಮಾತ್ರ ಮಾಡುತ್ತದೆ. ಇಡೀ ವಿಷಯ ಇಷ್ಟೇ. ಆದರೆ ಇಷ್ಟನ್ನು ಸರಿಯಾಗಿ ಹೇಳಲು ನನಗೆ ಹದಿನೈದು ವರ್ಷ ಹಿಡಿಯಿತು.

ನನ್ನ ಮೊದಲ ತಪ್ಪು ಒಂದು ರಬ್ಬರ್ ಸ್ಟಾಂಪಿನದು. ಸಾಲು ಉದ್ದವಿದ್ದಾಗ ಬರೆಯಲು ಪುರುಸೊತ್ತು ಸಿಗುವುದಿಲ್ಲವೆಂದು "ಊಟದ ನಂತರ" ಎಂದು ಒಂದು ಸ್ಟಾಂಪು ಮಾಡಿಸಿಕೊಂಡಿದ್ದೆ. ಯಾವ ಗುಳಿಗೆ ಬಂದರೂ ಚೀಟಿಯ ಮೇಲೆ ಠಪ್ಪನೆ ಒತ್ತುತ್ತಿದ್ದೆ. ಖಾಲಿಯಾದ ಗುಳಿಗೆಯ ಶೀಟುಗಳನ್ನು ಮುಂದಿನ ತಿಂಗಳು ವಾಪಸ್ ತರಬೇಕು ಎಂಬ ನಿಯಮವನ್ನೂ ನಾನೇ ಮಾಡಿದ್ದೆ, ಯಾರು ತಪ್ಪಿಸುತ್ತಾರೆಂದು ತಿಳಿಯಲಿ ಅಂತ. ಮಲಪನಗುಡಿಯಿಂದ ಬರುತ್ತಿದ್ದ ಒಬ್ಬಾಕೆಯ ಶೀಟಿನಲ್ಲಿ ಪ್ರತಿ ತಿಂಗಳು ನಾಲ್ಕು ಗುಳಿಗೆ ಉಳಿದಿರುತ್ತಿದ್ದವು. ಬೈದೆ. ಮುಂದಿನ ತಿಂಗಳೂ ನಾಲ್ಕು. ಮತ್ತೆ ಬೈದೆ. ಶ್ರಾವಣ ಮುಗಿದ ಮೇಲೆ ನೋಡಿದರೆ ಹೆಚ್ಚುಕಡಿಮೆ ಇಡೀ ತಿಂಗಳ ಗುಳಿಗೆ ಹಾಗೆಯೇ ಇದ್ದವು.

"ಏನಮ್ಮಾ, ಜೀವದ ಮ್ಯಾಲೆ ಆಸಿ ಇಲ್ಲೇನು ನಿನಗ?" ಎಂದೆ, ಸಾಲಿನಲ್ಲಿದ್ದವರೆಲ್ಲ ಕೇಳುವಂತೆ.

ಆಕೆ ತಣ್ಣಗೆ ಚೀಟಿ ತಿರುಗಿಸಿ ನನ್ನದೇ ಸ್ಟಾಂಪು ತೋರಿಸಿದಳು. "ಊಟ ಆದ ಮ್ಯಾಲೆ ಅಂತ ನೀವ ಬರದೀರಲ್ರೀ ಸರ್. ಸ್ವಾಮಾರ ನಾನು ಉಪಾಸ. ಊಟನ ಮಾಡಂಗಿಲ್ಲ ಅಂದ್ರ ಗುಳಿಗಿ ಹೆಂಗ್ ತಗೊಳ್ಳಲಿ? ಶ್ರಾವಣದಾಗಂತೂ ಬರೇ ಹಾಲು, ಹಣ್ಣು."

ತಿಂಗಳಿಗೆ ನಾಲ್ಕು ಸೋಮವಾರ, ನಾಲ್ಕು ಗುಳಿಗೆ. ಹೇಳಿದ ಮಾತು ಕೇಳಿದವಳು ಆಕೆ. ಓದದೆ ಒತ್ತಿದವನು ನಾನು. ಈ ಗುಳಿಗೆಗೆ ಊಟದ ಹಂಗೇ ಇಲ್ಲ, ಉಂಡರೂ ತಗೊಳ್ಳಬಹುದು, ಉಣ್ಣದಿದ್ದರೂ ತಗೊಳ್ಳಬಹುದು. ಅದು ನನಗೂ ಗೊತ್ತಿತ್ತು. ಆ ಸ್ಟಾಂಪನ್ನು ಅವತ್ತೇ ಕಸದ ಬುಟ್ಟಿಗೆ ಎಸೆದೆ. ಆಮೇಲೆ ಯೋಚಿಸಿದೆ: ನಮ್ಮ ಕಡೆಯ ಶೈವರ ಮನೆಗಳಲ್ಲಿ ಉಪವಾಸವಿರಲಿ, ಹಬ್ಬವಿರಲಿ, ಸೂತಕವಿರಲಿ, ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳುವುದು ಮಾತ್ರ ತಪ್ಪುವುದಿಲ್ಲ. ಅಂದಿನಿಂದ ಅಂಥವರಿಗೆಲ್ಲ ಒಂದೇ ಮಾತು ಹೇಳತೊಡಗಿದೆ. "ವಿಭೂತಿ ಗಟ್ಟಿ ಪಕ್ಕದಾಗ ಗುಳಿಗಿ ಇಡ್ರಿ. ಹಣಿಗೆ ವಿಭೂತಿ, ಬಾಯಿಗೆ ಗುಳಿಗಿ." ಗದ್ದೆಗೆ ಹೋಗುವ ಹೆಂಗಸರಿಗೆ ಬೆಳಗಿನ ಚಹಾಪುಡಿಯ ಡಬ್ಬಿಯ ಪಕ್ಕ ಇಡಲು ಹೇಳುತ್ತಿದ್ದೆ. ಯಾವ ಮನೆಯಲ್ಲಿ ಯಾವುದು ತಪ್ಪುವುದಿಲ್ಲವೋ ಅದಕ್ಕೆ ಗುಳಿಗೆಯನ್ನು ಗಂಟು ಹಾಕಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು ಎಂಬುದನ್ನೂ ಹೇಳಿ. ಮಲಪನಗುಡಿಯಾಕೆಯ ಶೀಟಿನಲ್ಲಿ ಆಮೇಲೆ ಒಂದು ಗುಳಿಗೆಯೂ ಉಳಿಯಲಿಲ್ಲ. ಈ ಉಪಾಯ ನನ್ನದು, ಯಾವ ಪುಸ್ತಕದಲ್ಲೂ ಇರಲಿಲ್ಲ.

ಎರಡನೆಯ ತಪ್ಪು ನಾಚಿಕೆಯದು. ಸಂಡೂರಿನಿಂದ ರೇಣುಕಾ ಎಂಬ ಮೂವತ್ತೈದರ ಹೆಣ್ಣುಮಗಳು ಬರುತ್ತಿದ್ದಳು. ಗಂಡ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಅವಳಿಗೆ ಟ್ಯಾಮಾಕ್ಸಿಫೆನ್ ಇತ್ತು. ಒಂದು ದಿನ ಮುಖ ಸಪ್ಪೆ ಮಾಡಿಕೊಂಡು ಬಂದು, ನನ್ನನ್ನು ದಾಟಿ ನೇರ ಡಾಕ್ಟರ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ನನಗೆ ಕರೆ ಬಂತು.

ನಮ್ಮ ಕ್ಯಾನ್ಸರ್ ವಿಭಾಗದ ಡಾಕ್ಟರು ಸುಜಾತಾ ಮೇಡಂ. ನಾನು ಕಂಡ ಮೇಲಧಿಕಾರಿಗಳಲ್ಲಿ ಎಲ್ಲರಿಗಿಂತ ಸಿಡುಕು, ಎಲ್ಲರಿಗಿಂತ ನ್ಯಾಯವಂತೆ. ಸಿಟ್ಟು ಬಂದಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಅವತ್ತು ಆ ಮುಚ್ಚಳ ನಿಂತೇ ಇರಲಿಲ್ಲ.

"ಕೊಟ್ರೇಶ್, ಈ ಗುಳಿಗಿ ತಗೊಳ್ಳುವಾಗ ಬಸುರಾಗಬಾರದು ಅಂತ ಈಕಿಗೆ ಯಾರು ಹೇಳಿದ್ರು?"

"ನೀವು ಹೇಳಿರ್ತೀರಿ ಅಂದ್ಕೊಂಡೆ, ಮೇಡಂ."

"ನೀವು ಹೇಳಿರ್ತೀರಿ ಅಂತ ನಾನು ಅಂದ್ಕೊಂಡೆ."

ಗುಳಿಗೆ ಶುರುವಾದ ಮೇಲೆ ರೇಣುಕಾಗೆ ಮುಟ್ಟು ತಿಂಗಳುಗಟ್ಟಲೆ ಬಂದಿರಲಿಲ್ಲ. ಇನ್ನು ಮಕ್ಕಳಾಗುವುದಿಲ್ಲ ಎಂದುಕೊಂಡು ಗಂಡ ಹೆಂಡತಿ ಯಾವ ಎಚ್ಚರವನ್ನೂ ವಹಿಸಿರಲಿಲ್ಲ. ಈಗ ಹೊಟ್ಟೆ ತೊಳಸುತ್ತಿದೆ ಎಂದು ಗಾಬರಿ. ಪರೀಕ್ಷೆಯಲ್ಲಿ ಬಸುರಿಲ್ಲ ಎಂದು ಬಂದಾಗ ನನ್ನ ಎದೆಯೂ ಹಗುರಾಯಿತು. ಮುಟ್ಟು ನಿಂತರೂ ಬಸಿರಾಗಬಹುದು; ಈ ಗುಳಿಗೆ ಹೊಟ್ಟೆಯ ಕೂಸಿಗೆ ಕೆಡುಕು; ಹಾರ್ಮೋನು ಇರುವ ಗರ್ಭನಿರೋಧಕ ಗುಳಿಗೆಯೂ ಇವರಿಗೆ ಆಗದು, ಬೇರೆ ದಾರಿಯನ್ನು ಡಾಕ್ಟರು ಹೇಳುತ್ತಾರೆ. ಇದನ್ನು ಗಂಡಸಾದ ನಾನು ಹೆಣ್ಣುಮಗಳಿಗೆ ಹೇಗೆ ಹೇಳಲಿ ಎಂದು ನಾಚಿಕೊಂಡು ಡಾಕ್ಟರ ಮೇಲೆ ಬಿಟ್ಟಿದ್ದೆ. ನಾಚಿಕೆ ನನ್ನದು, ಅಪಾಯ ಅವಳದು. ಮೇಡಂ ಅವತ್ತೇ ಒಂದು ಹಾಳೆ ತೆಗೆದು ಯಾವುದನ್ನು ಅವರು ಹೇಳಬೇಕು, ಯಾವುದನ್ನು ನಾನು ಹೇಳಬೇಕು ಎಂದು ಬರೆದರು. ಬಸಿರಿನ ಮಾತನ್ನು ಇಬ್ಬರ ಪಾಲಿಗೂ ಹಾಕಿದರು.

ಹೇಳಬೇಕು ಸರಿ, ಆದರೆ ಎಲ್ಲಿ ಹೇಳುವುದು? ನಮ್ಮ ಕಿಟಕಿ ನಿಮಗೆ ಗೊತ್ತಲ್ಲ, ಒಂದು ಗೇಣಿನ ಕಂಡಿ. ರೋಗಿ ಬಗ್ಗಿ ಬಾಯಿ ಇಡಬೇಕು, ನಾವು ಬಗ್ಗಿ ಕಿವಿ ಇಡಬೇಕು, ಹಿಂದಿನ ಇಪ್ಪತ್ತು ಜನ ಅದನ್ನೆಲ್ಲ ಕೇಳಬೇಕು. ಔಷಧದ ಕಪಾಟಿನ ಪಕ್ಕದ ಬಾಗಿಲು ಯಾವಾಗಲೂ ಬೀಗ ಹಾಕಿಯೇ ಇರುತ್ತಿತ್ತು. ಅದರ ಬೀಗ ತೆಗೆಸಿ ಒಳಗೊಂದು ಸ್ಟೂಲು ಹಾಕಿಸಿದೆ. ಹೊಸದಾಗಿ ಈ ಗುಳಿಗೆ ಶುರು ಮಾಡುವವರನ್ನೆಲ್ಲ "ಬರ್ರಿ, ಕುಂದ್ರಿ" ಎಂದು ಅಲ್ಲಿ ಕೂರಿಸಿ ಮಾತಾಡಿಸುತ್ತಿದ್ದೆ. ಆಡಳಿತದವರು ಸಮಯ ಹಾಳು ಎಂದರು. ಮೇಡಂ ನನ್ನ ಪರ ನಿಂತರು. ಆ ಸ್ಟೂಲು ಈಗಲೂ ಅಲ್ಲಿದೆ ಎಂದು ಕೇಳಿ ಸಂತೋಷವಾಯಿತು. ಅದರ ಮೇಲೆ ಕಾರ್ಟನ್ ಡಬ್ಬಗಳನ್ನು ಇಟ್ಟಿದ್ದೀರಿ ಎಂದೂ ಕೇಳಿದೆ. ತೆಗೆಯಿರಿ.

ಸ್ಟೂಲಿನ ಮೇಲೆ ಕೂತ ಹೆಂಗಸರಿಂದಲೇ ನಾನು ಈ ವಿದ್ಯೆ ಕಲಿತೆ. ಮೈಯೆಲ್ಲ ಒಮ್ಮೆಲೇ ಕುದ್ದು ಬೆವರು ಹರಿಯುತ್ತದೆ ಎನ್ನುತ್ತಿದ್ದರು. ನಾನು ಮನೆಗೆ ಬಂದು ಹೆಂಡತಿಗೆ ಅದನ್ನು ಹೇಳಿದರೆ, "ನನಗ ಎರಡು ವರ್ಷದಿಂದ ಹಂಗ ಆಗಾಕತ್ತೈತಿ, ಒಂದ್ ದಿನಾನ ಕೇಳೀರೇನು?" ಎಂದಳು. ಅವಳಿಗೆ ಯಾವ ಗುಳಿಗೆಯೂ ಇರಲಿಲ್ಲ, ಮುಟ್ಟು ನಿಲ್ಲುವ ವಯಸ್ಸು ಅಷ್ಟೇ. ಹೆಂಗಸರ ಔಷಧದ ವಿಷಯದಲ್ಲಿ ಊರಿಗೆಲ್ಲ ಬುದ್ಧಿ ಹೇಳುವವನು ಅವತ್ತು ಮನೆಯಲ್ಲಿ ಸುಮ್ಮನೆ ಊಟ ಮಾಡಿ ಎದ್ದೆ. ಅದರಿಂದ ಒಂದು ಲಾಭವಾಯಿತು: ಈ ಗುಳಿಗೆಗಳು ಎಷ್ಟೋ ಜನರ ಮೈಯಲ್ಲಿ ಮುಟ್ಟು ನಿಂತವರ ಕಷ್ಟಗಳನ್ನೇ ತರುತ್ತವೆ ಎಂದು ಹೇಗೆ ವಿವರಿಸಬೇಕೆಂಬುದು ನನಗೆ ಗೊತ್ತಾಯಿತು. ಟ್ಯಾಮಾಕ್ಸಿಫೆನ್‌ನವರಿಗೆ ಒಂದು ಕಾಲಿನ ಮೀನಖಂಡ ಊದಿ ನೋವು ಬಂದರೆ, ಉಸಿರು ಹಿಡಿದರೆ, ಎಣ್ಣೆ ತಿಕ್ಕಿಕೊಂಡು ಕೂರದೆ ಅವತ್ತೇ ಬರಬೇಕೆಂದು ಹೇಳುತ್ತಿದ್ದೆ, ರಕ್ತ ಹೆಪ್ಪುಗಟ್ಟಿರಬಹುದು. ಮುಟ್ಟು ನಿಂತವರಿಗೆ ಮತ್ತೆ ರಕ್ತಸ್ರಾವ ಕಂಡರೆ ಮುಚ್ಚಿಡಬಾರದೆಂದು ಹೇಳುತ್ತಿದ್ದೆ. ಲೆಟ್ರೋಜೋಲ್‌ನವರಿಗೆ ಕೀಲು ಬಿಗಿಯುತ್ತವೆ, ಎಲುಬು ತೆಳುವಾಗುತ್ತದೆ, ಅದಕ್ಕೆ ಪರೀಕ್ಷೆ ಇದೆ, ನಡಿಗೆ ಇದೆ, ಕ್ಯಾಲ್ಸಿಯಂ ಇದೆ. ತಡೆಯಲಾಗದಿದ್ದರೆ ಡಾಕ್ಟರು ಗುಳಿಗೆ ಬದಲಿಸಿಯಾರು. ನೀವಾಗಿಯೇ ಮಾತ್ರ ನಿಲ್ಲಿಸಬೇಡಿ. ಈ ಕೊನೆಯ ಮಾತನ್ನು ಮೂರು ಸಲ ಹೇಳುತ್ತಿದ್ದೆ.

ಇಷ್ಟೆಲ್ಲ ಏರ್ಪಾಟು ಮಾಡಿದ ಮೇಲೆ ನನಗೆ ಸ್ವಲ್ಪ ಸೊಕ್ಕು ಬಂದಿತ್ತು. ಸ್ಟೂಲಿದೆ, ವಿಭೂತಿ ಇದೆ, ಖಾಲಿ ಶೀಟಿನ ಲೆಕ್ಕವಿದೆ, ನನ್ನ ಕೈಯಿಂದ ಯಾರು ತಪ್ಪಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಆಗ ಬಂದವರು ಪಂಪಮ್ಮ.

ಪಂಪಮ್ಮ ಕಂಪ್ಲಿ ಹತ್ತಿರದ ಎಮ್ಮಿಗನೂರಿನವರು. ವಯಸ್ಸು ಐವತ್ತೆಂಟು, ಗಂಡ ತೀರಿಕೊಂಡು ಎಂಟು ವರ್ಷ. ರೈಸ್ ಮಿಲ್ಲಿನ ಮನೆತನ. ಈಗ ಮಿಲ್ಲು ನೋಡಿಕೊಳ್ಳುವವನು ಮಗ ವೀರೇಶ. ತಿಂಗಳಿಗೊಮ್ಮೆ ಅವನೇ ಕಾರಿನಲ್ಲಿ ಕರೆತರುತ್ತಿದ್ದ. ಎದೆಯ ಗಂಟು ತೆಗೆಸಿ ಕಿಮೋ ಮುಗಿಸಿದ್ದರು. ಕೊಟ್ಟದ್ದು ಲೆಟ್ರೋಜೋಲ್. ಹಣೆಯ ತುಂಬ ವಿಭೂತಿ, ತಲೆ ತುಂಬ ಸೆರಗು, ಎಣಿಸಿ ಆಡಿದಂಥ ಮಾತು. ಖಾಲಿ ಶೀಟುಗಳನ್ನು ಹಾಳೆಯಲ್ಲಿ ಮಡಚಿ ತರುತ್ತಿದ್ದರು. ನೋವು ಮಾತ್ರ ಪ್ರತಿ ತಿಂಗಳು ಹೇಳುತ್ತಿದ್ದರು. "ಬೆಳಿಗ್ಗೆ ಎದ್ರ ಬಳ್ಳು ಮಡಚಾಕ ಬರಂಗಿಲ್ರೀ ಅಣ್ಣಾರ. ರೊಟ್ಟಿ ತಟ್ಟಾಕ ಆಗವಲ್ದು. ರೊಟ್ಟಿ ತಟ್ಟಲಾರದ ಕೈ ಇದ್ದರೇನು ಬಿಟ್ಟರೇನು." ಬಿಸಿನೀರಿನಲ್ಲಿ ಕೈ ಅದ್ದಿ ಬೆರಳು ಆಡಿಸಿ, ನಡೆದಾಡಿ ಎಂದು ಹೇಳಿ ಕಳಿಸುತ್ತಿದ್ದೆ. ಮೇಡಂ ನೋವಿಗೆ ಗುಳಿಗೆ ಬರೆದಿದ್ದರು.

ಒಂದು ವರ್ಷ ಆಗುತ್ತ ಬಂದಿತ್ತು. ಒಂದು ತಿಂಗಳು ಬಂದು ಸ್ಟೂಲಿನ ಮೇಲೆ ಕೂತರು. ಶೀಟುಗಳು ಖಾಲಿ. ಬೆರಳು ಹೇಗಿದೆ ಎಂದು ಕೇಳಿದೆ.

"ಆರಾಮ್ ಅದೀನ್ರೀ. ಮೂರ್ನಾಕು ತಿಂಗಳಾತು, ಬಳ್ಳು ಹೂವಿನಂಗ ಅದಾವು. ಮೊನ್ನೆ ಐವತ್ತು ರೊಟ್ಟಿ ತಟ್ಟಿದೆ."

ಅಂದರೆ ಹಿಂದಿನ ಎರಡು ಮೂರು ಸಲ ಬಂದಾಗಲೂ ಅವರು ನೋವಿನ ಮಾತು ಎತ್ತಿರಲಿಲ್ಲ. ಸದ್ಯ ಎಂದು ನಾನೂ ಕೇಳಿರಲಿಲ್ಲ. ಖುಷಿಪಟ್ಟು ಹೊಸ ಶೀಟು ಕೊಡಲು ಕಪಾಟಿನತ್ತ ತಿರುಗಿದವನು ಅಲ್ಲೇ ನಿಂತೆ. ನಡೆದರೆ, ಔಷಧ ತಗೊಂಡರೆ ಈ ನೋವು ತಗ್ಗಬಹುದು. ಆದರೆ ಆರೆಂಟು ತಿಂಗಳು ಬಿಡದೆ ಕಾಡಿದ್ದು ಹೀಗೆ ಪೂರ್ತಿ ಮಾಯವಾಗುವುದನ್ನು ನಾನು ಒಂದೇ ಸಂದರ್ಭದಲ್ಲಿ ಕಂಡಿದ್ದೆ. ಬಾಗಿಲು ಮುಚ್ಚಿ ಬಂದು ಅವರ ಎದುರಿಗೆ ಒಂದು ಡಬ್ಬದ ಮೇಲೆ ಕೂತೆ.

"ಅಕ್ಕಾ, ಸಿಟ್ಟು ಮಾಡಂಗಿಲ್ಲ. ಖರೆ ಹೇಳ್ರಿ. ಗುಳಿಗಿ ನಿಲ್ಲಿಸೀರೇನು?"

ಪಂಪಮ್ಮ ಹಾಳೆಯಲ್ಲಿ ಮಡಚಿದ್ದ ಖಾಲಿ ಶೀಟುಗಳನ್ನು ನೋಡುತ್ತ ಕೂತರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ದಿನಾ ಬೆಳಿಗ್ಗೆ ಒಂದು ಗುಳಿಗೆ ಬಿಡಿಸಿ ಹಿತ್ತಲಿನ ದಾಸವಾಳದ ಬುಡದಲ್ಲಿ ಹೂಳುತ್ತಿದ್ದರಂತೆ, ನಾಲ್ಕು ತಿಂಗಳಿಂದ. ಮಗನಿಗೂ ಗೊತ್ತಿಲ್ಲ. ನನಗೆ ಶೀಟು ತೋರಿಸಬೇಕಲ್ಲ, ಅದಕ್ಕೆ ಬಿಡಿಸುವುದನ್ನು ಮಾತ್ರ ತಪ್ಪಿಸಿರಲಿಲ್ಲ.

ಆದದ್ದು ಹೀಗೆ. ನಾನು ಹೇಳಿದಂತೆಯೇ ಗುಳಿಗೆಯನ್ನು ದೇವರ ಮನೆಯಲ್ಲಿ ವಿಭೂತಿಯ ಪಕ್ಕ ಇಟ್ಟಿದ್ದರು. ಒಂದು ಸೋಮವಾರ ಓಣಿಯ ನಾಲ್ಕು ಹೆಂಗಸರು ಪೂಜೆಗೆ ಬಂದಿದ್ದರು. ಪಕ್ಕದ ಮನೆಯ ಸೊಸೆ ಗೀತಾ ಆ ಶೀಟು ನೋಡಿ, ಎಲ್ಲರೆದುರು ಮುಗ್ಧವಾಗಿ ಕೇಳಿದಳಂತೆ: "ಅತ್ತೀ, ಇದು ನಿಮಗ್ಯಾಕ? ಮಕ್ಕಳಾಗಲಿ ಅಂತ ನನಗ ಇದ ಗುಳಿಗಿ ಕೊಟ್ಟಿದ್ರು, ಐದು ದಿನ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಎದೆಯ ಕ್ಯಾನ್ಸರ್‌ಗೆ ಎಂದು ಹೇಳೋಣವೆಂದರೆ, ಪಂಪಮ್ಮ ಓಣಿಗೆಲ್ಲ ಹೊಟ್ಟೆಯ ಗಡ್ಡೆಯ ಆಪರೇಷನ್ ಎಂದು ಹೇಳಿಕೊಂಡು ಬಂದಿದ್ದಾರೆ. ಮರುದಿನ ತಾವೇ ಒಬ್ಬ ಔಷಧ ಅಂಗಡಿಯವನಿಗೆ ಶೀಟು ತೋರಿಸಿ ವಿಚಾರಿಸಿದರಂತೆ. ಅವನು ಚೀಟಿ ಕೇಳದೆ, ವಯಸ್ಸು ನೋಡದೆ, "ಹೂಂನ್ರಿ, ಮಕ್ಕಳಾಗಾಕ ಕೊಡ್ತಾರ, ಐದ ದಿನ ತಗೊಳ್ಳೋದು" ಎಂದನಂತೆ.

"ಗಂಡ ಇಲ್ಲದಾಕಿ ನಾನು," ಎಂದರು ಪಂಪಮ್ಮ. "ಮನ್ಯಾಗ ಮಗ ಸೊಸಿ ಅದಾರ. ಮಕ್ಕಳಾಗೋ ಗುಳಿಗಿ ತಿಂತಾಳ ಅಂತ ಓಣಿಯಾಗ ಅಂದ್ರ ನಾ ಹೆಂಗ್ ಮುಖ ಎತ್ತಿ ತಿರಗಲ್ರೀ? ಐದು ದಿನದ ಗುಳಿಗಿ ಐದು ವರ್ಷ ಯಾಕ್ ಕೊಡಾಕತ್ತೀರಿ ಅಂತ ನಿಮ್ಮನ್ನ ಕೇಳಾಕೂ ನಾಚಿಕಿ. ಅದಕ್ಕಿಂತ ಬ್ಯಾನಿ ಬಂದ್ರ ಬರಲಿ ಅಂದೆ."

ನನಗೆ ಅಳು ಬಂತು, ಹೇಳಿಕೊಳ್ಳಲು ಸಂಕೋಚವಿಲ್ಲ. ಆ ಸೊಸೆ ಹೇಳಿದ್ದು ಸುಳ್ಳಲ್ಲ. ಲೆಟ್ರೋಜೋಲ್ ಅನ್ನು ಮಕ್ಕಳಾಗದ ಹೆಣ್ಣುಮಕ್ಕಳಿಗೂ ಐದು ದಿನ ಕೊಡುತ್ತಾರೆ, ಇದು ನನಗೆ ಎಷ್ಟೋ ವರ್ಷದಿಂದ ಗೊತ್ತು. ಅದೇ ಕಪಾಟಿನಿಂದ, ಅದೇ ಶೀಟನ್ನು, ಎರಡೂ ಬಗೆಯವರಿಗೆ ನಾನೇ ಕೊಟ್ಟಿದ್ದೇನೆ. ಇವರಿಗೆ ಒಂದು ಮಾತು ಮೊದಲೇ ಹೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಗುಳಿಗೆಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಇಡಿಸಿದವನೂ ನಾನೇ. ಖಾಲಿ ಶೀಟು ನೋಡಿ ಮೂರು ತಿಂಗಳು ಸಮಾಧಾನಪಟ್ಟವನೂ ನಾನೇ.

ಕೈ ಮುಗಿದೆ. "ತಪ್ಪು ನಂದು, ಅಕ್ಕಾ. ನಾನು ಹೇಳಬೇಕಿತ್ತು" ಎಂದು ಒಂದು ಹಾಳೆ ತೆಗೆದುಕೊಂಡು ವಿವರಿಸಿದೆ. ಗೀತಾಳಂಥ ಹರೆಯದವಳಿಗೆ ಐದು ದಿನ ಹಾರ್ಮೋನು ತಗ್ಗಿಸಿದರೆ ಮೈ ಎಚ್ಚೆತ್ತು ಅಂಡಾಶಯಕ್ಕೆ ಕೆಲಸ ಹಚ್ಚುತ್ತದೆ, ಅಂಡ ಬಿಡುಗಡೆಯಾಗುತ್ತದೆ. ಮುಟ್ಟು ನಿಂತ ನಿಮ್ಮಂಥವರಲ್ಲಿ ಆ ಕೆಲಸ ಮುಗಿದೇ ಹೋಗಿದೆ, ಎಬ್ಬಿಸಲು ಏನೂ ಉಳಿದಿಲ್ಲ. ನಿಮ್ಮಲ್ಲಿ ಗುಳಿಗೆ ಮಾಡುವುದು ಒಂದೇ ಕೆಲಸ, ಬೇನೆಯ ಕೂಳು ಕಸಿಯುವುದು. ಅದಕ್ಕೇ ಐದು ವರ್ಷ.

"ಅಂದ್ರ ನನಗ ಏನೂ ಆಗಂಗಿಲ್ಲ?"

"ಏನೂ ಆಗಂಗಿಲ್ಲ. ನಾನು ತಿಂದ್ರೂ ನನಗ ಮಕ್ಕಳಾಗಂಗಿಲ್ಲ."

ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕರು. ಮರುಕ್ಷಣ ನಗು ನಿಂತಿತು. "ನಾಕು ತಿಂಗಳು ಹೂಳಿದ್ನಲ್ರೀ ಅಣ್ಣಾರ. ಒಳಗ ಬ್ಯಾನಿ ತಿರುಗಿ ಬಂದೈತೇನು?"

ಅವರ ಒಪ್ಪಿಗೆ ಕೇಳಿ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಮೇಡಂ ಪೂರ್ತಿ ಕೇಳಿಸಿಕೊಂಡರು, ಪೆನ್ನಿನ ಮುಚ್ಚಳ ಮುಟ್ಟಲಿಲ್ಲ. ತಪಾಸಣೆ ಮಾಡಿ ಎದೆಯ ಚಿತ್ರ ತೆಗೆಸಲು ಬರೆದರು. ವರದಿ ಬರುವ ತನಕದ ಆ ವಾರ ಎಷ್ಟು ಸಲ ಮೇಡಂ ಕೋಣೆಗೆ ಇಣುಕಿದೆನೋ, ನರ್ಸಮ್ಮ ಬೇಸತ್ತು, "ಕೊಟ್ರೇಶಣ್ಣ, ನಿಮಗ ಬ್ಯಾರೆ ಕೆಲಸ ಇಲ್ಲೇನು" ಎಂದಳು. ವರದಿಯಲ್ಲಿ ಏನೂ ಇರಲಿಲ್ಲ.

"ತಿರುಗಿ ಬಂದಿಲ್ಲ," ಎಂದರು ಮೇಡಂ ಪಂಪಮ್ಮನಿಗೆ. "ಮುಂದ ಬರೋದ ಇಲ್ಲ ಅಂತ ಬರದು ಕೊಡಾಕ ನನಗ ಬರಂಗಿಲ್ಲ. ಗುಳಿಗಿ ತಗೊಂಡ್ರ ಬರೋದು ಕಡಿಮಿ ಆಗ್ತೈತಿ. ಅಷ್ಟು ಮಾತ್ರ ಖರೆ." ಬಿಟ್ಟ ನಾಲ್ಕು ತಿಂಗಳನ್ನು ಕೊನೆಗೆ ಸೇರಿಸಿ ತಗೊಳ್ಳಲೇ ಎಂದು ಪಂಪಮ್ಮನೇ ಕೇಳಿದರು. ಮೇಡಂ ಆಗಲಿ ಎಂದರು.

ಹೊರಗೆ ಬಂದು ಪಂಪಮ್ಮ ಮಗನಿಗೆ ಎಲ್ಲ ಹೇಳಿದರು. ವೀರೇಶ ಪಾರ್ಕಿಂಗಿನಲ್ಲಿ ನಿಂತು ಅತ್ತ. ಓಣಿಯ ಬಾಯಿಗೆ ಏನು ಮಾಡುವುದು ಎಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ಅದು ಅವರೇ ತೀರ್ಮಾನಿಸಬೇಕಾದ ಮಾತು ಎಂದು ಅವರಿಗೇ ಬಿಟ್ಟೆ. ಮುಂದಿನ ತಿಂಗಳು ಬಂದಾಗ ಬೆರಳು ಬಿಗಿದಿದ್ದವು, ರೊಟ್ಟಿ ತಟ್ಟಲು ಆಗುತ್ತಿಲ್ಲ ಎಂದು ಬೈದರು. ಆ ಬೈಗುಳ ಕೇಳಿ ನನಗಾದಷ್ಟು ಸಂತೋಷ ಯಾವ ಸನ್ಮಾನದಲ್ಲೂ ಆಗಿಲ್ಲ. ಆಮೇಲೆ ಮೇಡಂ ನೋವಿನ ಗುಳಿಗೆ ಬದಲಿಸಿ ಅದಕ್ಕೂ ದಾರಿ ಹುಡುಕಿದರು. ಅಂದಿನಿಂದ ನಾನು ಕೆಲಸದ ರೀತಿಯನ್ನು ಎರಡು ಕಡೆ ಬದಲಿಸಿದೆ. ಲೆಟ್ರೋಜೋಲ್ ಕೊಡುವ ಮೊದಲ ದಿನವೇ, ಇದನ್ನು ಇನ್ನೊಂದಕ್ಕೂ ಕೊಡುತ್ತಾರೆ, ಯಾರಾದರೂ ಹೇಳಿದರೆ ಹೆದರಬೇಡಿ ಎನ್ನುವುದು. ಶೀಟು ನೋಡುವುದಕ್ಕಿಂತ ಮೊದಲು ಮೈ ಹೇಗಿದೆ ಎಂದು ಕೇಳುವುದು. ಈಗ ನಿಮ್ಮಲ್ಲಿ ಮೊಬೈಲಿಗೆ ಸಂದೇಶ ಹೋಗುತ್ತದಂತೆ, ತಗೊಂಡೆ ಎಂದು ಒತ್ತಿದರೆ ಹಸಿರು ಗುರುತು ಬರುತ್ತದಂತೆ. ಒಳ್ಳೆಯದೇ. ಹಸಿರು ಗುರುತು ಬಿದ್ದ ಮೇಲೂ ಒಂದು ಸಲ ಬೆರಳು ಹೇಗಿದೆ ಎಂದು ಕೇಳಿ.

ನಾನು ನಿವೃತ್ತನಾಗಲು ಎರಡು ತಿಂಗಳಿತ್ತು. ಪಂಪಮ್ಮನ ಐದು ವರ್ಷ ನಾಲ್ಕು ತಿಂಗಳು ಮುಗಿದ ದಿನ. ಇನ್ನು ಗುಳಿಗೆ ಸಾಕು, ತಪಾಸಣೆಗೆ ಬರುತ್ತಿದ್ದರಾಯಿತು ಎಂದು ಮೇಡಂ ಹೇಳಿ ಕಳಿಸಿದ್ದರು. ಕಿಟಕಿಯ ಮುಂದೆ ಸಾಲು ಉದ್ದವಿತ್ತು. ಮುಂದೆ ನಿಂತಿದ್ದವಳು ಕಂಪ್ಲಿಯ ಕಡೆಯ ಒಬ್ಬ ನಡುವಯಸ್ಸಿನ ಹೆಂಗಸು, ಅವತ್ತೇ ಲೆಟ್ರೋಜೋಲ್ ಶುರು. ಒಳಗೆ ಬಂದು ಕೂರಿ ಎಂದರೂ ಅಲ್ಲಾಡದೆ ಕಂಡಿಯಲ್ಲಿ ಬಾಯಿ ಇಟ್ಟು ಪಿಸುಗುಟ್ಟಿದಳು. "ಇದು ಮಕ್ಕಳಾಗೋ ಗುಳಿಗಿ ಅಂತಲ್ರೀ. ಫೋನಿನ್ಯಾಗ ನೋಡಿ ನನ್ನ ಮಗಳು ಹೇಳಿದ್ಲು. ನನಗ ಬ್ಯಾಡ್ರೀ."

ನಾನು ಬಾಯಿ ತೆರೆಯುವುದರೊಳಗೆ ಪಕ್ಕದಲ್ಲಿ ಬಂದು ನಿಂತಿದ್ದ ಪಂಪಮ್ಮ ಅವಳ ಭುಜ ಹಿಡಿದರು. ಅವರ ಜೊತೆ ಗೀತಾ ಇದ್ದಳು, ಗೀತಾಳ ಕೈ ಹಿಡಿದು ನಾಲ್ಕು ವರ್ಷದ ಮಗಳು ಇದ್ದಳು. ಎಲ್ಲರೂ ಸೇರಿ ಹಂಪಿಗೆ ಹೋಗಿ ವಿರೂಪಾಕ್ಷನ ದರ್ಶನ ಮಾಡುವವರಿದ್ದರು.

"ಯಾಕವಾ ಪಿಸಿಪಿಸಿ ಅಂತೀದಿ," ಎಂದರು ಪಂಪಮ್ಮ, ಸಾಲಿನ ಕೊನೆಯ ಗಂಡಸಿಗೂ ಕೇಳುವ ದನಿಯಲ್ಲಿ. "ಹೌದು, ಮಕ್ಕಳಾಗೋ ಗುಳಿಗಿನ. ಈಕಿ ಐದು ದಿನ ತಗೊಂಡ್ಲು, ಈ ಕೂಸು ಬಂತು. ನನಗ ಎದಿಯಾಗ ಕ್ಯಾನ್ಸರ್ ಇತ್ತು, ನಾನು ಐದು ವರ್ಷ ತಗೊಂಡೆ. ಈ ಕೂಸಿನ್ನ ಎತ್ತಿ ಆಡಿಸಾಕ ನಾನು ಉಳದೀನಿ. ನಡುವ ನಾಚಿಕಿಪಟ್ಟು ನಾಕು ತಿಂಗಳು ಮಣ್ಣಾಗ ಹೂಳಿದ್ದೆ. ನೀ ಹೂಳಬ್ಯಾಡ."

ಎದೆಯಲ್ಲಿ ಎಂಬ ಮಾತನ್ನು ಅಷ್ಟು ಜನರೆದುರು ಅವರು ಅಂದದ್ದು ಅದೇ ಮೊದಲು ಎಂದು ಗೀತಾ ಆಮೇಲೆ ನನಗೆ ಹೇಳಿದಳು. ಆ ಹೆಂಗಸು ಮಗುವನ್ನೂ ಪಂಪಮ್ಮನನ್ನೂ ನೋಡಿ, ಕಂಡಿಯೊಳಗೆ ಕೈ ಚಾಚಿ ಶೀಟು ತಗೊಂಡಳು. ಆದರೆ ಹೋಗಲಿಲ್ಲ. ಬೆರಳು ನೋಯುತ್ತವಂತಲ್ಲ, ರೊಟ್ಟಿ ಹೇಗೆ ತಟ್ಟುವುದು ಎಂದು ಪಂಪಮ್ಮನನ್ನೇ ಕೇಳಿದಳು.

ಉತ್ತರ ಉದ್ದವಿತ್ತು. ಪಂಪಮ್ಮನ ಮೊಣಕಾಲೂ ನೋಯುತ್ತಿದ್ದದ್ದು ನನಗೆ ಗೊತ್ತಿತ್ತು. ಇಷ್ಟು ವರ್ಷ ಬಾಗಿಲ ಒಳಗಿದ್ದ ಸ್ಟೂಲನ್ನು ಎತ್ತಿಕೊಂಡು ಹೋಗಿ ಹೊರಗೆ, ಸಾಲಿನ ಪಕ್ಕದಲ್ಲಿ, ಎಲ್ಲರ ಎದುರಿಗೆ ಹಾಕಿದೆ.

"ಕುಂದ್ರಿ ಅಕ್ಕಾ," ಎಂದೆ. "ಕುಂತು ಹೇಳ್ರಿ."